ಮುಚ್ಚಳದ ಕೆನೆ

ನನ್ನ ಗಂಡನನ್ನು ಎಲ್ಲರೂ ಕರೆಯುವುದು ‘ಕೆನೆ’ ಎಂದು. ಹಾಲಿನಂಥ ಮನುಷ್ಯ ಎಂದು ಮೆಚ್ಚಿ ಇಟ್ಟ ಹೆಸರಲ್ಲ, ಮಾನ ಕಳೆಯಲೆಂದೇ ಇಟ್ಟದ್ದು. ಇಟ್ಟವರು ಇವರ ಸ್ವಂತ ಅಣ್ಣ. ನನಗೆ ಭಾವ, ಅದೂ ಬಾಯಿ ಮಾತಿಗೆ ಮಾತ್ರ.

ಆಗ ಅಣ್ಣತಮ್ಮ ಇಬ್ಬರೂ ಮಾವನವರ ಗ್ಯಾರೇಜಿನಲ್ಲಿ ಒಟ್ಟಿಗೆ ದುಡಿಯುತ್ತಿದ್ದರು. ಒಂದು ಚಳಿಗಾಲ ಗಿರಾಕಿಯೊಬ್ಬರ ಕಾರು ಬಂತು. ಇವರು ಆಯಿಲ್ ಹಾಕುವ ಮುಚ್ಚಳ ತಿರುಗಿಸಿದರೆ ಅದರ ಒಳಗೆ ಬೆಳ್ಳಗೆ ಕೆನೆ ಕಟ್ಟಿತ್ತು. ಎಂಜಿನ್ ತಣಿಸುವ ಕೂಲೆಂಟ್ ಸೋರಿ ಆಯಿಲಿಗೆ ಬೆರೆತರೆ ಹಾಗಾಗುತ್ತದೆ. ಆದರೆ ಚಳಿಯಲ್ಲಿ ಸ್ವಲ್ಪ ದೂರವಷ್ಟೇ ಓಡಾಡುವ ಕಾರಿನಲ್ಲಿ ಬರೀ ಆವಿ ತಣಿದೂ ಹಾಗೆ ಕಟ್ಟುವುದುಂಟು. ಯಾವುದೆಂದು ತಿಳಿಯಲು ಆಯಿಲ್ ಅಳೆಯುವ ಕಡ್ಡಿ ಎಳೆದು ಅದಕ್ಕೂ ಕೆನೆ ಹತ್ತಿದೆಯೇ ನೋಡಬೇಕು, ಕೂಲೆಂಟ್ ಡಬ್ಬಿ ಇಳಿದಿದೆಯೇ ನೋಡಬೇಕು. ಇವರು ಎರಡನ್ನೂ ನೋಡದೆ ಎಂಜಿನ್ನಿನ ಮೇಲಿನ ಭಾಗ, ಹೆಡ್ಡನ್ನೇ ಬಿಚ್ಚಿದರು. ಒಳಗೆ ಎಲ್ಲವೂ ಸರಿಯಾಗಿತ್ತು.

ಗಿರಾಕಿ ಕೂಗಾಡಿದರು. ಜನ ತುಂಬಿದ ಗ್ಯಾರೇಜಿನಲ್ಲಿ ಭಾವ ಕೈಕಟ್ಟಿ ನಿಂತು, "ನಾನು ಮೊದಲೇ ಕಡ್ಡಿ ನೋಡಿದ್ದೆ. ಇವನಿಗೆ ಎಷ್ಟು ಗೊತ್ತು ನೋಡೋಣ ಅಂತ ಸುಮ್ಮನಿದ್ದೆ" ಎಂದರು. ತಮ್ಮ ಎಡವಲಿ ಎಂದು ಕಾದಿದ್ದ ಮನುಷ್ಯ. ಆ ಮಾತಿನ ಮೇಲೆ ಮಾವ ಗ್ಯಾರೇಜನ್ನು ಅವರಿಗೇ ಕೊಟ್ಟರು, ಇವರಿಗೆ ‘ಕೆನೆ’ ಎಂಬ ಹೆಸರು ಅಂಟಿತು, ನಾವು ಬೀದಿಗೆ ಬಂದೆವು.

ಹೆದ್ದಾರಿ ಪಕ್ಕ ತಗಡಿನ ಶೆಡ್ಡು ಹಾಕಿಕೊಂಡೆವು. ನನ್ನ ಹೊಟ್ಟೆ ಮಾತ್ರ ಉರಿಯುತ್ತಲೇ ಇತ್ತು. ಇವರೋ, ಬಾಯಿಗೆ ಬೆರಳಿಟ್ಟರೂ ಕಚ್ಚಲು ಬಾರದವರು.

"ನಿಮಗೆ ಮಾನ ಮರ್ಯಾದೆ ಇಲ್ವಾ?" ಎಂದರೆ, "ಬಿಡೇ, ಅಣ್ಣ ಅಲ್ವಾ" ಎನ್ನುತ್ತಿದ್ದರು.

ಒಂದು ಮಾತ್ರ ಬದಲಾಗಿತ್ತು. ಯಾವ ಕಾರು ಬಂದರೂ ಇವರ ಕೈ ಮೊದಲು ಹೋಗುವುದು ಕಡ್ಡಿಗೆ. ಪಂಕ್ಚರ್ ಹಾಕಿಸಲು ಬಂದವರ ಕಡ್ಡಿಯನ್ನೂ ಎಳೆದು ನೋಡಿಯೇ ಬಿಡುತ್ತಿದ್ದರು.

ಕಳೆದ ಚಳಿಗಾಲ ಭಾವನ ಕಾರೇ ನಮ್ಮ ಶೆಡ್ಡಿನ ಮುಂದೆ ನಿಂತಿತು. ಹೆಂಡತಿಯನ್ನೂ ಮುಟ್ಟಗೊಡದೆ ಉಜ್ಜಿ ಉಜ್ಜಿ ಸಾಕಿದ ಕಾರು. ಹೆದ್ದಾರಿಯಲ್ಲಿ ಹೋಗುತ್ತಿದ್ದಾಗ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಮೇಲೇರಿ, ನಿಲ್ಲಿಸಲೇಬೇಕಾಗಿತ್ತು. ಗ್ಯಾರೇಜು ಕೈಗೆ ಬಂದಂದಿನಿಂದ ಕುರ್ಚಿ ಬಿಟ್ಟೇಳದ ಭಾವ, ತಾವೇ ಆಯಿಲ್ ಮುಚ್ಚಳ ಬಿಚ್ಚಿ ಅಲ್ಲಿದ್ದ ಗಿರಾಕಿಗಳಿಗೆಲ್ಲ ತೋರಿಸಿದರು.

"ನೋಡ್ರಪ್ಪ, ಕೆನೆ. ನಮ್ಮ ತಮ್ಮ ಈಗ ಹೆಡ್ ಬಿಚ್ತಾನೆ ನೋಡಿ."

ನಾಲ್ಕು ಜನ ನಕ್ಕರು. ಇವರು ಕಡ್ಡಿ ಎಳೆದರು, ಬಟ್ಟೆಯಲ್ಲಿ ಒರೆಸಿದರು, ಮತ್ತೆ ಅದ್ದಿ ಎಳೆದು ಒರೆಸಿದರು. ಕೂಲೆಂಟ್ ಡಬ್ಬಿಯ ಮೇಲೆ ಬೆಳಕು ಬೀಳುವಂತೆ ಬಗ್ಗಿ ನೋಡಿದರು. ಆಮೇಲೆ ಬಟ್ಟೆಯನ್ನು ಮಡಚಿ ಜೇಬಿಗಿಟ್ಟರು.

"ಆವಿ ಅಲ್ವೇನೋ?" ಎಂದರು ಭಾವ.

"ನೀನು ಹೇಳಿದ ಮೇಲೆ ಇನ್ನೇನಣ್ಣ" ಎಂದರು ಇವರು. ಎಂಜಿನ್ ತಣಿದ ಮೇಲೆ ಡಬ್ಬಿಗೆ ನೀರು ತುಂಬಿಸಿ ಕಳಿಸಿದರು.

ಸಂಜೆ ಒಗೆಯಲೆಂದು ಇವರ ಅಂಗಿಯ ಜೇಬಿಗೆ ಕೈ ಹಾಕಿದರೆ ಆ ಬಟ್ಟೆ ಸಿಕ್ಕಿತು. ಬಿಡಿಸಿದೆ. ಕಡ್ಡಿ ಒರೆಸಿದ ಗೆರೆಯುದ್ದಕ್ಕೂ ದಪ್ಪ ಕಂದು ಕೆನೆ. ಇದು ಆವಿಯಲ್ಲ, ಎಂಜಿನ್ನಿನ ಆಯಿಲೆಲ್ಲ ಕೆಟ್ಟು ಹೋಗಿದೆ ಎಂದು ನನಗೂ ಗೊತ್ತಾಯಿತು. ಇವರ ಮುಖ ನೋಡಿದೆ. ಇವರು ಊಟಕ್ಕೆ ಕೂತಿದ್ದರು. ಇಷ್ಟು ವರ್ಷ ಸಂಸಾರ ಮಾಡಿದ ನನಗೆ ಆ ಹೊತ್ತು ಸ್ವಲ್ಪ ಭಯವಾಯಿತು, ಅದಕ್ಕಿಂತ ಹೆಚ್ಚು ಖುಷಿಯಾಯಿತು.

ಆ ವಾರವೇ ಎಂಜಿನ್ ಕಚ್ಚಿಕೊಂಡು ನಿಂತಿತಂತೆ. ಭಾವ ಹೇಳಿಕಳಿಸಿದರು. ಇಬ್ಬರೂ ಹೋದೆವು, ನಾನು ಬೇಕೆಂದೇ ಹೋದೆ. ಅದೇ ಗ್ಯಾರೇಜು, ಅದೇ ತರಹ ತುಂಬಿದ ಜನ. ಬಿಚ್ಚಿದ ಎಂಜಿನ್ನಿನ ತಳದಲ್ಲಿ ಕೆನೆ ಗಟ್ಟಿಯಾಗಿ ಅಂಟಿತ್ತು, ಬೇರಿಂಗುಗಳು ಸವೆದು ಹೋಗಿದ್ದವು.

"ಕಡ್ಡಿ ನೋಡಿದ್ಯಲ್ಲೋ ನೀನು" ಎಂದರು ಭಾವ.

ಇವರು ಕೈಕಟ್ಟಿ ನಿಂತರು.

"ನಾನು ಮೊದಲೇ ನೋಡಿದ್ದೆ ಅಣ್ಣ. ನಿನಗೆ ಎಷ್ಟು ಗೊತ್ತು ನೋಡೋಣ ಅಂತ ಸುಮ್ಮನಿದ್ದೆ."

ನನ್ನ ಹೊಟ್ಟೆ ಅಂದು ತಣ್ಣಗಾಯಿತು. ತಪ್ಪು ಎನ್ನುವವರು ಎನ್ನಲಿ, ಉಪ್ಪು ತಿಂದವರು ನೀರು ಕುಡಿಯಲೇಬೇಕು.

ಹೊರಗೆ ಕಾಲಿಡುವಾಗ ಹಿಂದಿನಿಂದ ಯಾರೋ ನಗುತ್ತ, "ಏನ್ರೀ ಕೆನೆ, ಈಗೇನು ಮಾಡ್ತೀರಿ?" ಎಂದರು. ಅಭ್ಯಾಸಬಲದಿಂದ ಇವರು ತಿರುಗಿದರು. ಕೇಳಿದ್ದು ಭಾವನನ್ನು.