ರಾವ್ನಾಳ ಹೆಬ್ಬೆರಳು

ವರ್ಕ್‌ಶಾಪಿನ ಟೊರ್ಗೇರ್ ಎಂಬಾತನಿಗೆ ಹಿಮಸಾರಂಗ ಎಂದರೆ ತಟ್ಟೆಯಲ್ಲಿ ಬರುವ ಮಾಂಸ, ಅಷ್ಟೇ. ದಕ್ಷಿಣದಿಂದ ಬಂದು ಹನ್ನೊಂದು ವರ್ಷವಾಯಿತು. ಮಂದೆಯ ಹಿಂದೆ ಒಂದು ದಿನವೂ ಹೋದವನಲ್ಲ. ಆದರೂ ಹಿಮದ ಮೇಲೆ ಓಡುವ ನಮ್ಮೂರಿನ ಇಂಜಿನ್ ಬಂಡಿಗಳ ಹಣೆಬರಹ ಬರೆಯುವವನು ಅವನೇ. ಗೋಡೆಯ ಮೇಲೆ ಕಟ್ಟು ಹಾಕಿಸಿದ ಮೂರು ಸರ್ಟಿಫಿಕೇಟು, ಮೇಜಿನ ಮೇಲೊಂದು ಕಂಪ್ಯೂಟರು. ಬಂಡಿಗೆ ಅದರ ತಂತಿ ಸಿಕ್ಕಿಸುವುದು, ಪರದೆ ಹೇಳಿದ್ದನ್ನು ಗಿಳಿಯಂತೆ ಒಪ್ಪಿಸುವುದು: ಅವನ ವಿದ್ಯೆ ಇಷ್ಟೇ.

ಏಪ್ರಿಲ್ ತಿಂಗಳಲ್ಲಿ, ಮಂದೆ ಕಡಲ ಕಡೆಗೆ ಹೊರಡಲು ಇನ್ನು ಎರಡು ದಿನ ಇದೆ ಎನ್ನುವಾಗ, ರಾವ್ನಾ ತನ್ನ ಬಂಡಿಯನ್ನು ಅವನ ಬಾಗಿಲಿಗೆ ತಂದಳು.

"ಮೆಲ್ಲಗೆ ಹೋಗುವಾಗ ಮುಗ್ಗರಿಸ್ತದೆ. ಉಸಿರು ಕಟ್ಟಿದ ಹಾಗಾಗಿ, ಆಮೇಲೆ ಎಗರ್ತದೆ."

ಟೊರ್ಗೇರ್ ಬಂಡಿ ಹತ್ತಿ, ಹೆಪ್ಪುಗಟ್ಟಿದ ನದಿಯ ಮೇಲೆ ಪೂರ್ತಿ ವೇಗದಲ್ಲಿ ಎರಡು ಸುತ್ತು ಹೊಡೆದು, ಮೀಸೆಗೆಲ್ಲ ಹಿಮ ಮೆತ್ತಿಸಿಕೊಂಡು ಬಂದ.

"ಬಾಣ ಬಿಟ್ಟ ಹಾಗೆ ಓಡ್ತದೆ, ಅಜ್ಜಿ. ಕಂಪ್ಯೂಟರಲ್ಲೂ ಏನೂ ತೋರಿಸ್ತಿಲ್ಲ. ನಿಮ್ಮ ಕೈಯೇ ನಡುಗ್ತಿರಬೇಕು."

"ಮಂದೆ ನಡೆಯೋ ವೇಗದಲ್ಲಿ ಓಡಿಸಿದ್ಯಾ?"

"ಆ ವೇಗದಲ್ಲಿ ಯಾರು ಓಡಿಸ್ತಾರೆ?"

"ಇಲ್ಲಿ ಎಲ್ಲಾರೂನೂ. ನಿನ್ನ ಹತ್ರ ಬರೋ ಪ್ರವಾಸಿಗಳನ್ನ ಬಿಟ್ಟು."

ಅವನು ನಕ್ಕ. ರಾವ್ನಾ ನಗಲಿಲ್ಲ. ಅವಳು ನಗುವುದು ಕಡಿಮೆಯೇ. ಏಳನೇ ವಯಸ್ಸಿಗೆ ಅವಳನ್ನು ಸರಕಾರದ ವಸತಿಶಾಲೆಗೆ ಎಳೆದೊಯ್ದರು. ಮನೆಮಾತು ಆಡಿದ್ದಕ್ಕೆ ಕೆನ್ನೆಗೆ ಬಾರಿಸಿದ ಮೇಷ್ಟರು ಮುಂದೆ ಪದಕ ತಗೊಂಡರು. ಮಂದೆಯ ಮೇವಿನ ನೆಲ ಅಗೆಯಲು ಬಂದ ಗಣಿಯ ಲಾರಿಗಳಿಗೆ ಅಡ್ಡವಾಗಿ ನಾವೆಲ್ಲ ಹಿಮದಲ್ಲಿ ಕೂತಿದ್ದಾಗ ಇವಳು ಘೋಷಣೆ ಕೂಗಲಿಲ್ಲ. ಒಲೆ ಹಚ್ಚಿ ಕಾಫಿ ಕಾಯಿಸಿದಳು, ಪೊಲೀಸರು ಕೇಳಿದಾಗ ಚರಟ ಕೊಟ್ಟಳು. ಗಂಡ ಸತ್ತ ಮೇಲೂ ಮಂದೆ ಬಿಡಲಿಲ್ಲ. ಮೂವತ್ತನಾಲ್ಕು ವಸಂತಗಳಿಂದ ಮಂದೆಯ ಬಾಲದಲ್ಲಿ ಹೋಗುವವಳು ಅವಳೇ.

ಬಾಲದ ಕೆಲಸ ಎಂದರೆ ತಮಾಷೆಯಲ್ಲ. ಅದು ಗಬ್ಬದ ಹೆಣ್ಣುಗಳ ಮಂದೆ. ಹಿಂದಿನಿಂದ ಬರುವ ಇಂಜಿನ್ನಿನ ಸದ್ದು ಬೆಳಗಿನಿಂದ ಸಂಜೆಯವರೆಗೆ ಒಂದೇ ಹದದಲ್ಲಿರಬೇಕು. ಸದ್ದು ಕೆಮ್ಮಿ ಎಗರಿತೋ, ಪ್ರಾಣಿಗಳು ಬೆದರಿ ತಿರುಗಿ ಓಡುತ್ತವೆ. ಹಿಂದಿನ ವಾರ ಮಂದೆ ಕೂಡಿಸುವಾಗ ರಾವ್ನಾಳ ಬಂಡಿಯಿಂದ ಹಾಗೇ ಆಗಿತ್ತು. ಮುನ್ನೂರು ಪ್ರಾಣಿ ಚೆಲ್ಲಾಪಿಲ್ಲಿ, ಮತ್ತೆ ಒಟ್ಟುಮಾಡಲು ಎರಡು ದಿನ.

ಮಂದೆ ಕಾಯುವ ಗುಂಪಿನ ಯಜಮಾನ ಇಸ್ಸಾತ್, ಅವಳ ಮೈದುನ, ಅದಕ್ಕೇ ಕಾಯುತ್ತಿದ್ದವನಂತೆ ವರ್ಕ್‌ಶಾಪಿನ ಬಾಗಿಲಿಗೇ ಬಂದ. "ಅತ್ತಿಗೆ, ಈ ಸಲ ನೀನು ಮನೆಯಲ್ಲೇ ಇರು. ನಿನ್ನ ಪ್ರಾಣಿಗಳನ್ನ ನಾವೇ ಹೊಡ್ಕೊಂಡು ಹೋಗ್ತೀವಿ. ಬಾಲಕ್ಕೆ ನನ್ನ ಅಳಿಯ ಬರ್ತಾನೆ."

"ಬಂಡಿ ಸರಿಯಾದ್ರೆ?"

"ಸರಿಯಾದ್ರೆ ಬಾ. ಆಗಲ್ಲ ಬಿಡು."

ಬಾಲದ ಜಾಗ ಒಮ್ಮೆ ಅಳಿಯನ ಕೈಗೆ ಹೋದರೆ ವಾಪಸು ಬರುವುದಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

ವರ್ಕ್‌ಶಾಪಿನಿಂದ ಬಂದವಳೇ ರಾವ್ನಾ ಕೊಟ್ಟಿಗೆಯಲ್ಲಿ ಬಂಡಿಯ ಮುಚ್ಚಳ ಎತ್ತಿದಳು. ಹಿಡಿಕೆಯ ಪಕ್ಕದಲ್ಲಿ ವೇಗ ಏರಿಸುವ ಸನ್ನೆಯನ್ನು ಹೆಬ್ಬೆರಳು ಎಷ್ಟು ಒತ್ತಿದೆ ಎಂದು ಇಂಜಿನ್ನಿನ ಮೆದುಳಿಗೆ ವರದಿ ಕೊಡುವ, ಬೆಂಕಿಪೊಟ್ಟಣದಷ್ಟು ದೊಡ್ಡ ಸೆನ್ಸರ್ ಒಂದಿದೆ. ಅದರ ಹೊಟ್ಟೆಯಲ್ಲಿ ಒಂದು ಕರಿ ಪಟ್ಟಿ, ಪಟ್ಟಿಯ ಮೇಲೆ ಉಜ್ಜುತ್ತ ಓಡಾಡುವ ಸಣ್ಣ ತೋಳು. ಅವಳ ಅನುಮಾನ ಅದರ ಮೇಲೆ. ಗಂಡ ಬಿಟ್ಟುಹೋದ, ಕರೆಂಟು ಅಳೆಯುವ ಹಳೇ ಮುಳ್ಳಿನ ಮೀಟರ್ ತಂದಳು. ತೊಗಲಿನ ಬೂಟು ಹೊಲಿಯುವ ಮೂರು ಅಂಚಿನ ಸೂಜಿ ಎರಡು ತಗೊಂಡು, ಸೆನ್ಸರಿನ ತಂತಿಗಳ ಬೆನ್ನಿಗೆ ನಾಜೂಕಾಗಿ ತೂರಿಸಿ, ಮೀಟರಿಗೆ ಸಿಕ್ಕಿಸಿದಳು. ಇಂಜಿನ್ ಹಚ್ಚದೆ ಬೀಗದ ಕೈ ಮಾತ್ರ ತಿರುಗಿಸಿದಳು.

ಮೊದಲು ತಂತಿಗಳನ್ನು ಹಿಡಿದು ಅಲ್ಲಾಡಿಸಿದಳು. ಮುಳ್ಳು ಕದಲಲಿಲ್ಲ, ತಂತಿಯ ತಪ್ಪಲ್ಲ. ಆಮೇಲೆ ಸನ್ನೆಯನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಒತ್ತುತ್ತ ಹೋದಳು. ಮುಳ್ಳು ಮೆಲ್ಲಗೆ ಏರಿತು, ಏರಿತು, ಕಾಲುಭಾಗ ಒತ್ತುವ ಹೊತ್ತಿಗೆ ದೊಪ್ಪನೆ ಸೊನ್ನೆಗೆ ಬಿದ್ದು ಮತ್ತೆ ಎದ್ದಿತು. ಅಲ್ಲಿಂದಾಚೆ ಕೊನೆಯವರೆಗೂ ಸಲೀಸು. ಐದು ಸಲ ಮಾಡಿದಳು. ಐದು ಸಲವೂ ಅದೇ ಜಾಗ. ಅದು ಮಂದೆ ನಡೆಯುವ ವೇಗದ ಜಾಗ. ಇಡೀ ದಿನ, ವರ್ಷಗಟ್ಟಲೆ, ಅವಳ ಹೆಬ್ಬೆರಳು ನಿಂತಲ್ಲೇ ನಿಂತು ಕರಿ ಪಟ್ಟಿಯನ್ನು ಅಲ್ಲೊಂದೇ ಕಡೆ ಸವೆಸಿಬಿಟ್ಟಿತ್ತು. ನದಿಯ ಮೇಲೆ ಹಾರಿಸಿಕೊಂಡು ಹೋದ ಟೊರ್ಗೇರ್ ಆ ಜಾಗವನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ದಾಟಿದ್ದ.

ಫೋನ್ ಮಾಡಿ ಹೇಳಿದರೆ ಆ ಪಂಡಿತ, "ಅದೊಂದೇ ಬರಲ್ಲ ಅಜ್ಜಿ, ಇಡೀ ಜೋಡಣೆ ತರಿಸಬೇಕು. ಮೂರು ವಾರ. ಆದ್ರೂ ಕಂಪ್ಯೂಟರ್ ಹೇಳಿಲ್ಲವಲ್ಲ..." ಎಂದ. ಅವಳು ಮಾತು ಮುಗಿಯುವ ಮೊದಲೇ ಫೋನ್ ಇಟ್ಟಳು.

ಮರುದಿನ ಸ್ಪ್ಯಾನರ್ ಹಿಡಿದು ಇಸ್ಸಾತನ ಮನೆಗೆ ಹೋದಳು. ಅವನ ಕೊಟ್ಟಿಗೆಯ ಹಿಂದೆ ಅದೇ ಮಾದರಿಯ ಬಂಡಿಯೊಂದು ಮೂಗು ಜಜ್ಜಿಕೊಂಡು ಬಿದ್ದಿತ್ತು. ಇಬ್ಬರೂ ಒಂದೇ ವರ್ಷ ಕೊಂಡಿದ್ದರು. ಇಸ್ಸಾತ್ ಮೂರು ವರ್ಷದ ಹಿಂದೆ ಅದನ್ನು ಬಂಡೆಗೆ ಗುದ್ದಿಸಿದ್ದ.

"ನಿನ್ನ ಹೆಣದಿಂದ ಒಂದು ತುಣುಕು ಬೇಕು."

"ತಗೋ. ಅದೂ ಎಷ್ಟು ಸಾವಿರ ಮೈಲಿ ಓಡಿದೆ ಗೊತ್ತಾ? ನಿನ್ನದಕ್ಕಿಂತ ಜಾಸ್ತಿ ಸವೆದಿರ್ತದೆ."

ರಾವ್ನಾ ಸೆನ್ಸರ್ ಬಿಚ್ಚಿ ತಂದು ತನ್ನ ಬಂಡಿಗೆ ಕೂರಿಸಿದಳು. ಸನ್ನೆ ಬಿಟ್ಟಿರುವಾಗ ಮುಳ್ಳು ಹಳೇ ಜಾಗದಲ್ಲೇ ನಿಲ್ಲುವಂತೆ ತಿರುಗಿಸಿ ಸ್ಕ್ರೂ ಬಿಗಿದಳು. ಹಿಂದೆಯೇ ಬಂದ ಇಸ್ಸಾತ್ ಬಾಗಿಲಿಗೆ ಒರಗಿ ನಿಂತು, ಒಣಮಾಂಸ ಅಗಿಯುತ್ತ ನೋಡುತ್ತಿದ್ದ. ಸನ್ನೆ ಒತ್ತುತ್ತ ಹೋದಂತೆ ಮುಳ್ಳು ಹಾಲಿನ ಕೆನೆಯ ಮೇಲೆ ಜಾರಿದ ಹಾಗೆ ಏರಿತು. ಕಾಲು, ಅರ್ಧ, ಮುಕ್ಕಾಲು. ಕಟ್ಟಕಡೆಗೆ, ಪೂರ್ತಿ ಒತ್ತಿದಾಗ, ಹುಚ್ಚು ಹಿಡಿದಂತೆ ನಡುಗಿತು.

"ನೋಡು, ಹೇಳಿರಲಿಲ್ವಾ! ಸವೆದಿದೆ."

"ನಿನ್ನ ಹೆಬ್ಬೆರಳು ಇರೋ ಜಾಗ ಸವೆದಿದೆ. ಅಲ್ಲಿಗೆ ನಾನು ಹೋಗೋದೇ ಇಲ್ಲ." ಸೂಜಿಗಳನ್ನು ಕಿತ್ತು ಒರೆಸಿಕೊಂಡಳು. "ಮಂದೆ ಜೊತೆ ಹೋಗೋ ಜಾಗ ನೋಡು, ಅಂಗಡಿಯಿಂದ ತಂದ ಹಾಗಿದೆ. ಮೂವತ್ತು ವರ್ಷ ಯಜಮಾನಿಕೆ ಮಾಡಿದ್ದೀಯಲ್ಲ, ಒಂದು ದಿನಾದ್ರೂ ಆ ಜಾಗ ಮುಟ್ಟಿದ್ಯಾ?"

ಇಸ್ಸಾತ್ ಮಾಂಸ ಅಗಿಯುವುದನ್ನು ನಿಲ್ಲಿಸಿದ.

ಹೊರಡುವ ಬೆಳಗ್ಗೆ ಅಳಿಯ ಹೊಸ ಕೈಗವಸು ತೊಟ್ಟು ಬಾಲದಲ್ಲಿ ನಿಂತಿದ್ದ. ರಾವ್ನಾ ಅವನ ಪಕ್ಕ ಬಂಡಿ ತಂದು, "ಜರುಗು" ಎಂದಳು. ಅವನು ಮಾವನ ಮುಖ ನೋಡಿದ. ಮಾವ ಆಕಾಶ ನೋಡಿದ. ಅಳಿಯ ಜರುಗಿದ.

ಮಧ್ಯಾಹ್ನದವರೆಗೂ ಅವಳ ಇಂಜಿನ್ ಒಂದೇ ರಾಗದಲ್ಲಿ ಗುನುಗಿತು. ನದಿ ದಾಟುವಲ್ಲಿ ಇಸ್ಸಾತ್ ಏನೋ ಅಪ್ಪಣೆ ಕೊಡಲು ಮುಂದಿನಿಂದ ಭರ್ರೆಂದು ಹಿಂದಕ್ಕೆ ಬಂದ. ನಲವತ್ತು ಹೆಣ್ಣುಗಳು ಒಟ್ಟಿಗೇ ತಲೆ ಎತ್ತಿ ಕಿವಿ ನಿಮಿರಿಸಿದವು.

"ಆರಿಸು ಅದನ್ನ!" ರಾವ್ನಾ ಗದರಿದಳು. "ಹೇಳೋದಿದ್ರೆ ನಡ್ಕೊಂಡು ಬಾ."

ಯಜಮಾನ ಬಂಡಿ ಆರಿಸಿ, ಮೊಣಕಾಲುದ್ದ ಹಿಮದಲ್ಲಿ ಕಾಲು ಕೀಳುತ್ತ ನಡೆದು ಬಂದ. ಹೆಣ್ಣುಗಳು ತಲೆ ತಗ್ಗಿಸಿ ಮುಂದಕ್ಕೆ ನಡೆದವು. ರಾವ್ನಾ ಹೆಬ್ಬೆರಳನ್ನು ಕದಲಿಸಲಿಲ್ಲ. ಅವನ ಮಾತು ಕೇಳಲೆಂದು ನಿಲ್ಲಲೂ ಇಲ್ಲ.