ನೋಡಲು ಬಂದ ವಂಬೂಯಿ

ಯಾರೋ ನನ್ನನ್ನು ನೋಡುತ್ತಿದ್ದಾರೆ ಎಂದು ಗೊತ್ತಾದ ಕೂಡಲೇ ನಾನು ಹೊಟ್ಟೆಯನ್ನು ಒಳಕ್ಕೆಳೆದುಕೊಳ್ಳುತ್ತೇನೆ. ಅವರು ಅತ್ತ ತಿರುಗಿದ ಮೇಲೆ ಅದು ತನ್ನ ಜಾಗಕ್ಕೆ ಮರಳುತ್ತದೆ. ಸಮಾಜ ಸಂಶೋಧನೆಯಲ್ಲಿ ಅವಲೋಕನ ವಿಧಾನದ ಮಿತಿಯೆಂದು ನೈರೋಬಿಯಲ್ಲಿ ವರ್ಷಗಟ್ಟಲೆ ನಾನು ಪಾಠ ಹೇಳಿಕೊಂಡು ಬಂದಿರುವುದು ಇಷ್ಟನ್ನೇ. ಈಗೀಗ ಅದನ್ನು ಹೇಳಿ ಹೇಳಿ ಬೇಸರವಾಗಿದೆ. ಕೇಳಿದರೆ ಜನ ಸುಳ್ಳು ಹೇಳುತ್ತಾರೆ, ಆದ್ದರಿಂದ ನೋಡಬೇಕು. ನೋಡಿದರೆ ನಟಿಸುತ್ತಾರೆ, ಆದ್ದರಿಂದ ಅವರು ನಮ್ಮನ್ನು ಮರೆಯುವ ತನಕ ಕೂತಿರಬೇಕು. ಕೂತೂ ಕೂತೂ ನೋಡುವವರೇ ಮನೆಯವರಾಗಿಬಿಟ್ಟರೆ? ಆ ಪ್ರಶ್ನೆಗೆ ಬರುವಷ್ಟರಲ್ಲಿ ತರಗತಿ ಮುಗಿಯುತ್ತದೆ, ನನಗೂ ಸಮಾಧಾನವಾಗುತ್ತದೆ.

ನನ್ನ ವಿದ್ಯಾರ್ಥಿನಿ ವಂಬೂಯಿ ಮಾತ್ರ ಆ ಪ್ರಶ್ನೆಯನ್ನು ಹೊತ್ತು ನನ್ನ ಕೋಣೆಗೇ ಬಂದಳು. ವಲಸೆ ಬಂದವರ ಮನೆಗಳಲ್ಲಿ ಮಕ್ಕಳು ಯಾವ ಭಾಷೆ ಆಡುತ್ತಾರೆ ಎಂಬುದು ಅವಳ ಸಂಶೋಧನೆ. ಇಲ್ಲಿನ ಕಿಲೆಲೆಶ್ವಾ ಬಡಾವಣೆಯ ಫ್ಲಾಟೊಂದರಲ್ಲಿರುವ ನನ್ನ ಪರಿಚಯದ ರೇಖಾಳ ಮನೆಗೆ ಅವಳನ್ನು ನಾನೇ ಕಳಿಸಿದ್ದೆ. ರೇಖಾಳ ಗಂಡ ಬ್ಯಾಂಕಿನ ಕೆಲಸದ ಮೇಲೆ ಬೆಂಗಳೂರಿನಿಂದ ಬಂದವರು. ಮಗಳು ಅನ್ವಿಗೆ ಒಂಬತ್ತು ವರ್ಷ. ರೇಖಾಳ ತಾಯಿಯೂ ಈಚೆಗೆ ಬಂದು ಅವರೊಡನೆಯೇ ಇದ್ದಾರೆ.

“ಮನೇಲಿ ಓನ್ಲಿ ಕನ್ನಡ ಸರ್, ಸ್ಟ್ರಿಕ್ಟ್ ರೂಲ್ ನಮ್ದು,” ಎಂದಿದ್ದಳು ರೇಖಾ.

ವಂಬೂಯಿ ಹೋದ ಮೊದಲ ಭಾನುವಾರಗಳಲ್ಲಿ ಆ ರೂಲ್ ಚೆನ್ನಾಗಿಯೇ ನಡೆಯಿತಂತೆ. ಅನ್ವಿ ಶಾಲೆಯ ಪ್ರಾರ್ಥನೆಗೆ ನಿಂತವಳಂತೆ ಕೈಕಟ್ಟಿ ಕನ್ನಡ ಮಾತಾಡಿದಳು. ಅವಳಪ್ಪ ಕನ್ನಡ ವಾರ್ತೆ ಹಾಕಿಕೊಂಡು ನೆಟ್ಟಗೆ ಕೂತರು. ಕೆಲವು ವಾರಗಳಲ್ಲಿ ಎಲ್ಲರಿಗೂ ಸುಸ್ತಾಯಿತು. ವಂಬೂಯಿಯನ್ನು ಸೋಫಾದ ಲೆಕ್ಕಕ್ಕೆ ಸೇರಿಸಿ ಮರೆತರು. ಆಗ ಅವಳ ಕಣ್ಣಿಗೆ ಬಿದ್ದವರು ಅಜ್ಜಿ. ಅಜ್ಜಿ ಮಾತಾಡುತ್ತಿದ್ದರು, ಯಾರೂ ಉತ್ತರಿಸುತ್ತಿರಲಿಲ್ಲ. ಅವರ ಮೇಲೆ ಯಾರಿಗೂ ಕೋಪವಿರಲಿಲ್ಲ. ಮಗಳು ಅಡುಗೆಮನೆಯಲ್ಲಿ, ಅಳಿಯ ಫೋನಿನಲ್ಲಿ, ಮೊಮ್ಮಗಳು ಇಂಗ್ಲಿಷಿನಲ್ಲಿ ಇದ್ದರು, ಅಷ್ಟೇ. ಪ್ರಶ್ನಾವಳಿ ಹಿಡಿದು ಕೇಳಿದ್ದರೆ ಅಜ್ಜಿ ಎಲ್ಲ ಚೆನ್ನಾಗಿದೆ ಎಂದೇ ಹೇಳುತ್ತಿದ್ದರು. ನಮ್ಮ ವಿಧಾನದ ಬಲವೇನಾದರೂ ಇದ್ದರೆ ಅದು ಇಲ್ಲಿದೆ.

ನೋಡಲು ಬಂದವಳು ನೋಡುತ್ತಲೇ ಇರಬೇಕಿತ್ತು. ವಂಬೂಯಿಗೆ ಆಗಲಿಲ್ಲ. ಎದ್ದು ಹೋಗಿ ಅಜ್ಜಿಯ ಪಕ್ಕ ಕೂತು, ಅವರು ಸುಲಿಯುತ್ತಿದ್ದ ಬಟಾಣಿಗೆ ಕೈಹಾಕಿದಳು. ಅವರಿಗೆ ಇಂಗ್ಲಿಷ್ ಬಾರದು, ಇವಳಿಗೆ ಕನ್ನಡ ಬಾರದು. ಆದರೂ ಇಬ್ಬರೂ ಏನೋ ಹೇಳಿಕೊಂಡು ನಗತೊಡಗಿದರು. ತನ್ನ ಅಜ್ಜಿಯನ್ನು ಬೇರೊಬ್ಬಳು ಹೀಗೆ ವಹಿಸಿಕೊಂಡದ್ದನ್ನು ಅನ್ವಿಗೆ ಸಹಿಸಲಾಗಲಿಲ್ಲ. ನಡುವೆ ಬಂದು ಕೂತು, ಅಜ್ಜಿಯ ಮಾತನ್ನು ಇಂಗ್ಲಿಷಿಗೂ ಇವಳ ಮಾತನ್ನು ಹರಕುಮುರುಕು ಕನ್ನಡಕ್ಕೂ ದಾಟಿಸತೊಡಗಿದಳು. ಬರಬರುತ್ತ ವಂಬೂಯಿ ಇಲ್ಲದ ದಿನಗಳಲ್ಲೂ ಅಜ್ಜಿ ಮೊಮ್ಮಗಳ ಮಾತು ಸಾಗಿತು.

“ನೋಡಬೇಕಾದದ್ದನ್ನು ನಾನೇ ಬದಲಿಸಿಬಿಟ್ಟೆ ಪ್ರೊಫೆಸರ್. ಈಗ ಏನಂತ ಬರೆಯಲಿ?” ಎಂದಳು ವಂಬೂಯಿ. ತಿಂಗಳುಗಟ್ಟಲೆ ಪಟ್ಟ ಶ್ರಮ ಕೈಬಿಟ್ಟುಹೋದ ಮುಖ ಅವಳದು.

ಮನೆ ಮೊದಲಿನಂತಾಗುವ ತನಕ ದೂರವಿರು ಎನ್ನುವುದು ನಾನು ಪ್ರತಿವರ್ಷ ಕೊಡುವ ಉತ್ತರ. ಆದರೆ ಆ ಮನೆ ಮೊದಲಿನಂತಾಗುವುದೆಂದರೆ ಅಜ್ಜಿಯ ಮಾತಿಗೆ ಮತ್ತೆ ಯಾರೂ ಉತ್ತರಿಸದಿರುವುದು.

“ಸಂಶೋಧನೆಗೆ ಬೇರೆ ಮನೆ ಹುಡುಕು,” ಎಂದೆ. “ಈ ಮನೆಗೆ ಸುಮ್ಮನೆ ಹೋಗಿ ಬರುತ್ತಿರು.”

ಹಾಗೆ ಮಾಡಿದರೆ ಅವಳ ಪದವಿ ಒಂದು ವರ್ಷ ಮುಂದಕ್ಕೆ ಹೋಗುತ್ತದೆಂದು ಇಬ್ಬರಿಗೂ ಗೊತ್ತಿತ್ತು. ವಂಬೂಯಿ, “ಸವಾ,” ಎಂದು ಎದ್ದಳು. ಸ್ವಾಹಿಲಿಯಲ್ಲಿ ಆಗಲಿ ಎನ್ನಲು ಅಷ್ಟು ಸಾಕು.

ಮೊನ್ನೆ ರೇಖಾ ನಮ್ಮಿಬ್ಬರನ್ನೂ ಊಟಕ್ಕೆ ಕರೆದಿದ್ದಳು. ಅಜ್ಜಿ ವಂಬೂಯಿಯ ರಟ್ಟೆ ಹಿಡಿದು ನೋಡಿ, “ಓದಿ ಓದಿ ಕಡ್ಡಿ ಆಗಿದೀಯ. ನಿಮ್ಮಮ್ಮ ಊಟ ಹಾಕಲ್ವೇನೇ?” ಎಂದು ಗದರಿದರು. ಅನ್ವಿ ಒಂದು ಕ್ಷಣ ಯೋಚಿಸಿದಳು. ಆಮೇಲೆ, ನೀನು ಬಂದರೆ ಅಜ್ಜಿಗೆ ತುಂಬಾ ಖುಷಿಯಂತೆ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ವಂಬೂಯಿ ಅಜ್ಜಿಯ ಕೈ ಒತ್ತಿದಳು. ಬೈದದ್ದು ನಾಟಿತೆಂದು ಅಜ್ಜಿಗೂ ತೃಪ್ತಿಯಾಯಿತು.

ಅನುವಾದ ತಪ್ಪು ಎನ್ನಲು ಬಾಯಿ ತೆರೆದೆ. ಇನ್ನೊಮ್ಮೆ ಯೋಚಿಸಿದರೆ, ತಪ್ಪೇನೂ ಕಾಣಲಿಲ್ಲ.