ಆ ಮೂರು ಏಟು ಸಿದ್ದಣ್ಣನದಲ್ಲ

ಬಸವರಾಜ, ನಿನ್ನಪ್ಪ ಅವತ್ತು ಹೆದರಿರಲಿಲ್ಲ. ಗೋಡೆಗೆ ಮೂರು ಸಲ ಬಡಿದವಳು ನಾನು—ನೀನು ಚಿಕ್ಕವ್ವ ಎಂದು ಕರೆಯುವ ಎದುರುಮನೆಯ ಪಾರ್ವತಿ. ಆಮೇಲೆ ಸುಳ್ಳು ಹೇಳಿದವಳೂ ನಾನೇ.

ಎದುರಿಗೆ ಕೂತು ಹೇಳುವ ಧೈರ್ಯ ಇಷ್ಟು ವರ್ಷವೂ ಬರಲಿಲ್ಲ. ಈಗ ನಿನ್ನ ಮೊಮ್ಮಗಳು ಚೇತನಾ ಫೋನಿನಲ್ಲಿ ಕನ್ನಡ ಒತ್ತುವುದನ್ನು ಕಲಿಸಿಕೊಟ್ಟಿದ್ದಾಳೆ. ಒಂದೇ ಬೆರಳು, ಒಂದಕ್ಷರಕ್ಕೆ ಎರಡು ತಪ್ಪು. ಆದರೂ ಇದನ್ನು ಅವಳ ಕೈಲಿ ಬರೆಸುವ ಹಾಗಿಲ್ಲ—

ಅವಳಿಗೆ ಸಮುದ್ರದಲ್ಲಿ ಮುಳುಗಿ ಕೆಲಸ ಮಾಡುವವರ ತರಬೇತಿಗೆ ಕರೆ ಬಂದಿದೆ. ಅಲ್ಲಿ ಕಬ್ಬಿಣದ ಕೋಣೆಯಲ್ಲಿ ಕೂರಿಸುತ್ತಾರೆ ಎಂದು ಕೇಳಿದ್ದೇ ತಡ, ನೀನು ಬೇಡವೆಂದೆ. "ಮುಚ್ಚಿದ ಕೋಣೆ ನಮ್ ವಂಶಕ್ಕೇ ಆಗ್ಬರಲ್ಲ ಕಣಮ್ಮ. ನಮ್ಮಪ್ಪನ್ ಕತೆ ಕೇಳಿಲ್ವಾ?" ಎಂದು ನೀನು ಅವಳಿಗೆ ಹೇಳುವಾಗ ನಾನು ನಿಮ್ಮ ಜಗಲಿಯಲ್ಲೇ ಕೂತಿದ್ದೆ. ಅವಳು ತಲೆ ತಗ್ಗಿಸಿ ಒಳಗೆ ಹೋದಳು.

ಆ ಕತೆ ಏನೆಂದು ಈಗ ಕೇಳು.

ಆಗಿನ್ನೂ ಮೈಸೂರು ಮಹಾರಾಜರ ಕಾಲ. ನನಗೆ ಒಂಬತ್ತೋ ಹತ್ತೋ. ನನ್ನ ಸೋದರಮಾವ ದೂರದ ಒಂದು ಬಂದರಿನಲ್ಲಿ ಕೆಲಸಕ್ಕಿದ್ದ. ನೀರಿನಾಳದಲ್ಲಿ ಬಹಳ ಹೊತ್ತು ದುಡಿದವರು ದಿಢೀರನೆ ಮೇಲೆ ಬಂದರೆ ಕೀಲೆಲ್ಲ ಹಿಡಿದುಕೊಂಡು, ಕೆಲವರು ಎದ್ದು ನಿಲ್ಲಲೂ ಆಗದಂತಾಗುತ್ತಾರಂತೆ. ಅಂಥವರನ್ನು ಕಬ್ಬಿಣದ ಕೋಣೆಯಲ್ಲಿ ಮಲಗಿಸಿ, ಒಳಗೆ ಗಾಳಿ ಒತ್ತಿ ತುಂಬಿ, ಆಮೇಲೆ ಗಂಟೆಗಟ್ಟಲೆ ಸ್ವಲ್ಪಸ್ವಲ್ಪವೇ ಬಿಡುವುದು ಮಾವನ ಕೆಲಸ. ರೋಗಿಯ ಜೊತೆ ಒಳಗೆ ಕೂರಲು ಗಟ್ಟಿ ಎದೆಯವನೊಬ್ಬ ಬೇಕು. ನಡುವೆ ಬಾಗಿಲು ತೆಗೆಯುವಂತಿಲ್ಲ. ಜೊತೆಗಿರುವವನು ಗಾಬರಿಯಾದರೆ ರೋಗಿಯ ಜೀವಕ್ಕೇ ಕುತ್ತು.

ಅಂಥವನನ್ನು ಹುಡುಕಿಕೊಂಡು ಮಾವ ನಮ್ಮೂರು ಯಗಟಿಗೆ ಬಂದ. ನಿನ್ನಪ್ಪ ಸಿದ್ದಣ್ಣನಿಗೆ ಆಗ ಇಪ್ಪತ್ತು. ಯಾರ ಕೊಡ ಬಾವಿಗೆ ಬಿದ್ದರೂ ಮುಳುಗಿ ತರುತ್ತಿದ್ದವನು ಅವನು. ನನ್ನ ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಟಿ ಈಜು ಕಲಿಸುತ್ತಿದ್ದವನೂ ಅವನೇ.

ಊರಲ್ಲಿ ಕಬ್ಬಿಣದ ಕೋಣೆ ಎಲ್ಲಿಂದ ಬರಬೇಕು? ಪರೀಕ್ಷೆಗೆ ನಮ್ಮ ಮನೆಯ ರಾಗಿ ಕೋಣೆಯೇ ಆಯಿತು. ಕಿಟಕಿಯಿಲ್ಲ, ಬಾಗಿಲು ಮುಚ್ಚಿದರೆ ತನ್ನ ಕೈ ತನಗೆ ಕಾಣದು. ಸಿದ್ದಣ್ಣ ಕಲ್ಲು ಹಿಡಿದು ಒಳಗೆ, ಮಾವ ಜೇಬುಗಡಿಯಾರ ಹಿಡಿದು ಹೊರಗೆ. ಕಬ್ಬಿಣದ ಗೋಡೆಯಾಚೆ ಕೂಗು ಕೇಳುವುದಿಲ್ಲವಲ್ಲ, ಅದಕ್ಕೆ ಏಟಿನಲ್ಲೇ ಮಾತು. ಒಂದೇಟು ಹಾಕಿದರೆ ಚೆನ್ನಾಗಿದ್ದೇನೆ ಎಂದು. ಎರಡಾದರೆ ಕಿವಿ ನೋಯುತ್ತಿದೆ. ಮೂರಾದರೆ—ಆಗದು, ಬಾಗಿಲು ತೆಗೆ. ಮೂರು ಬಡಿದವನು ಆ ಕೆಲಸಕ್ಕೆ ಒದಗುವವನಲ್ಲ.

ಐದು ದಿನ ಸಿದ್ದಣ್ಣ ಒಂದೊಂದೇ ಏಟು ಹಾಕುತ್ತಾ ಆರಾಮವಾಗಿ ಕೂತ.

"ಒಳ್ಗೆ ನಿದ್ದೆ ಹೊಡೀತಿದ್ದೀಯೇನೋ?" ಎಂದು ಮಾವ ಬಾಗಿಲು ತೆಗೆದರೆ, "ಇಲ್ಲಣ್ಣ, ನಿಮ್ಮನೆ ಇಲಿಗಳ್ನ ಮಾತಾಡುಸ್ತಿದ್ದೆ. ಒಂದು ಬಸ್ರಿ ಆದಂಗದೆ" ಎನ್ನುತ್ತಿದ್ದ.

ಆರನೆಯ ದಿನ ಕೊನೆಯ ಪರೀಕ್ಷೆ. ಗೋಡೆಯ ಈಚೆ ಕೊಟ್ಟಿಗೆಯಲ್ಲಿ ನಾನಿದ್ದೆ. ಕೈಗೊಂದು ಗುಂಡುಕಲ್ಲು ಸಿಕ್ಕಿತು. ಮಾವ ಎದ್ದುಬಿದ್ದು ಓಡುವುದನ್ನು ನೋಡಬೇಕೆಂದೋ, ಸಿದ್ದಣ್ಣ ಊರು ಬಿಟ್ಟು ಹೋಗಬಾರದೆಂದೋ—ಎರಡೂ ಇತ್ತು. ಮೂರು ಸಲ ಬಡಿದೆ.

ಬಾಗಿಲು ತೆರೆದ ಸದ್ದಾಯಿತು. "ನಾನು ಬಡೀಲಿಲ್ಲ ಕಣಣ್ಣಾ" ಎಂದ ಸಿದ್ದಣ್ಣ. ಮಾವ ನ್ಯಾಯವಂತ, ನೇರ ಕೊಟ್ಟಿಗೆಗೆ ಬಂದ. ಹಿಂದೆಯೇ ಸಿದ್ದಣ್ಣ.

"ಪಾರೀ, ನೀನೇನಾದ್ರೂ ಬಡುದ್ಯೇನೇ?"

"ಇಲ್ಲ ಮಾವ. ಒಳಗಿಂದ್ಲೇ ಕೇಳುಸ್ತು."

ಬಡಿದದ್ದು ಹುಡುಗಾಟ, ಬಿಡು. ಈ ಮಾತು ಹುಡುಗಾಟವಲ್ಲ. ಸಿದ್ದಣ್ಣನ ಮುಖ ನೋಡುತ್ತಲೇ ಹೇಳಿದೆ—ಅವನು ನನ್ನನ್ನು ನಂಬಿದ.

ಮಾವ ಅವನ ಭುಜ ತಟ್ಟಿದ. "ಭಯ ಅಂದ್ರೆ ಹಂಗೇ ಕಣೋ. ಕೈ ಬಡ್ದಿದ್ದು ತಲೆಗೆ ಗೊತ್ತಾಗಲ್ಲ" ಎಂದ. ತರೀಕೆರೆ ಕಡೆಯ ಇನ್ನೊಬ್ಬನನ್ನು ಕರೆದುಕೊಂಡು ಕಡೂರಿನಲ್ಲಿ ರೈಲು ಹತ್ತಿದ. ನಿನ್ನಪ್ಪನಿಗೆ ಊರು 'ಮೂರೇಟು ಸಿದ್ದ' ಎಂದು ಹೆಸರಿಟ್ಟಿತು. ಅವನೂ ನಕ್ಕ. ತೆಂಗು ಹಾಕಿದ, ಕುರಿ ಸಾಕಿದ, ಚೆನ್ನಾಗಿಯೇ ಬಾಳಿದ. ಆದರೆ ಮತ್ತೆ ಬಾವಿಗೆ ಇಳಿಯಲಿಲ್ಲ. ಮಲಗುವ ಕೋಣೆಗೆ ಅಗುಳಿ ಹಾಕಲು ಬಿಡುತ್ತಿರಲಿಲ್ಲ—ನಿನಗೂ ನೆನಪಿರಬೇಕು. ಮುಪ್ಪಿನಲ್ಲಿ ಒಮ್ಮೆ ತಾನಾಗಿಯೇ, "ನಾನೇ ಬಡ್ದಿದ್ನೇನೋ ಕಣೇ ಪಾರಿ" ಎಂದ. ನನ್ನ ಬಾಯಿ ತುಂಬ ಎಲೆಯಡಿಕೆ. ಉಗುಳಿ ಬಂದು ಹೇಳೋಣವೆಂದು ಎದ್ದೆ. ಉಗುಳಿ—ಮನೆಗೆ ಹೋದೆ.

ಆ ಭಯ ಅವನೊಳಗೆ ಇರಲಿಲ್ಲ ಬಸವರಾಜ, ನಾನು ಇಟ್ಟದ್ದು. ಅದನ್ನು ವಂಶದ್ದೆಂದು ನಂಬಿ ನೀನೀಗ ಆ ಹುಡುಗಿಗೆ ಹಂಚುತ್ತಿದ್ದೀಯ.

ಕ್ಷಮಿಸು ಎನ್ನುವುದಿಲ್ಲ, ಕ್ಷಮಿಸಬೇಕಾದವನು ಈಗಿಲ್ಲ. ಬೆಳಿಗ್ಗೆ ನಿಮ್ಮ ಮನೆಗೆ ಬಂದು ಎಲ್ಲರೆದುರು ಇದನ್ನೇ ಬಾಯಿಬಿಟ್ಟು ಹೇಳುತ್ತೇನೆ. ಎಷ್ಟು ಬೇಕಾದರೂ ಬೈ. ನನಗೆ ಕಿವಿ ಮಂದ, ಸ್ವಲ್ಪ ಜೋರಾಗಿಯೇ ಬೈ.

ಚೇತನಾಳನ್ನು ಮಾತ್ರ ಕಳಿಸು. ಮೊನ್ನೆ ಅವಳು ಆ ಕೋಣೆಯ ಚಿತ್ರ ತೋರಿಸಿದಳು. ಈಗ ಅದಕ್ಕೆ ಗಾಜಿನ ಕಿಂಡಿ ಇದೆ, ಒಳಗೆ ದೀಪ ಇದೆ, ಹೊರಗಿನವರ ಜೊತೆ ಮಾತಾಡಬಹುದಂತೆ. ತೋರಿಸುವಾಗ ಅವಳ ಮುಖ ನೀನು ನೋಡಬೇಕಿತ್ತು. ಒಳಗೆ ಕೂತ ಮೇಲೆ ಆಗದು ಅನ್ನಿಸಿದರೆ ಅವಳೇ ಹೇಳಲಿ. ಅವಳ ಪರವಾಗಿ ಬೇರೆ ಯಾರೂ ಹೇಳುವುದು ಬೇಡ—ನೀನೂ ಬೇಡ, ನಾನೂ ಬೇಡ.